ಪರಭಾಷಾ ಚಿತ್ರ, ಕನ್ನಡದ ಮಾತು

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯು ಗಡಿಯ ಊರು. ಆಂಧ್ರದ ಹಿಂದೂಪುರವು ಅದಕ್ಕೆ ಸಮೀಪವಾಗಿರುವುದರಿಂದ ತೆಲುಗು ಅಲ್ಲಿಯವರಿಗೆ ನೆರೆಮನೆಯ ಮಾತು. ವ್ಯಾಪಾರದಲ್ಲಿಯೂ ನಂಟಸ್ತಿಕೆಯಲ್ಲಿಯೂ ಎರಡು ನುಡಿಗಳು ಕಲೆತು ನಡೆಯುವ ಇಂತಹ ಸೀಮೆಯಲ್ಲಿ ತೆಲುಗು ಚಿತ್ರವೊಂದನ್ನು ಮನೆಯ ಟಿ.ವಿ.ಯಲ್ಲಿ ನೋಡುವುದು ಆಕ್ಷೇಪಕ್ಕೆ ವಿಷಯವಲ್ಲ. ಆದರೆ ಇಂಗ್ಲಿಷ್ ಚಿತ್ರವೂ ತೆಲುಗಿನ ವೇಷದಲ್ಲಿಯೇ ಆ ಮನೆಯನ್ನು ಹೊಗುವುದಾದರೆ ಸಂಗತಿ ಬೇರೆ. ಆಗ ತೆಲುಗು ನೆರೆಯ ನುಡಿಯಾಗಿ ಉಳಿಯದೆ ಲೋಕಕ್ಕೂ ಮನೆಗೂ ನಡುವಣ ಬಾಗಿಲಾಗುತ್ತದೆ. ಕನ್ನಡವು ಊಟ ಉಪಚಾರಗಳ ಮಾತಾಗಿ ಒಳಮನೆಯಲ್ಲಿ ನಿಲ್ಲುತ್ತದೆ.

ಕನ್ನಡದಲ್ಲಿ ಡಬ್ಬಿಂಗ್ ಇಲ್ಲದೆಹೋದುದಕ್ಕೆ ಕಾರಣವುಂಟು. 1960ರ ದಶಕದ ಆರಂಭದಲ್ಲಿ ಕನ್ನಡ ಚಿತ್ರಗಳ ಸಂಖ್ಯೆ ಅಲ್ಪ. ಅವೂ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದುವು. ಅಗ್ಗವಾಗಿ ಮಾತು ಬದಲಿಸಿದ ತಮಿಳು ತೆಲುಗು ಚಿತ್ರಗಳು ಬಂದು ತುಂಬಿದರೆ ಇಲ್ಲಿಯ ಕಲಾವಿದರಿಗೆ ಅನ್ನವಿಲ್ಲವಾಗುವುದೆಂಬ ಭಯವು ನಿರಾಧಾರವಾಗಿರಲಿಲ್ಲ. ಅ. ನ. ಕೃಷ್ಣರಾಯರು, ಮ. ರಾಮಮೂರ್ತಿಗಳು ಮೊದಲಾದವರ ಚಳವಳಿಯ ಕಾಲದಲ್ಲಿ ಡಬ್ಬಿಂಗ್ ನಿಂತಿತು. ಅದನ್ನು ಯಾವ ಶಾಸನವೂ ನಿಷೇಧಿಸಿರಲಿಲ್ಲ. ಉದ್ಯಮದ ಕಟ್ಟೇ ಶಾಸನದಂತೆ ನಡೆಯಿತು. 2012ರಲ್ಲಿ ಆಮೀರ್ ಖಾನರ ‘ಸತ್ಯಮೇವ ಜಯತೇ’ ತಮಿಳು ತೆಲುಗುಗಳಲ್ಲಿ ಪ್ರಸಾರವಾಯಿತು, ಕನ್ನಡದಲ್ಲಿ ಆಗಲಿಲ್ಲ. 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ಈ ತಡೆಯನ್ನು ತಪ್ಪೆಂದು ತೀರ್ಮಾನಿಸಿತು. 2020ರಲ್ಲಿ, ಸಾಂಕ್ರಾಮಿಕದ ನಿರ್ಬಂಧದಿಂದ ಧಾರಾವಾಹಿಗಳ ಚಿತ್ರೀಕರಣ ನಿಂತಿದ್ದಾಗ, ಹಿಂದಿಯ ‘ಮಹಾಭಾರತ’ವು ಕನ್ನಡವಾಡುತ್ತ ಮನೆಮನೆಗೆ ಬಂದಿತು. 2022ರಲ್ಲಿ ‘ಅವತಾರ್’ ಚಿತ್ರದ ಎರಡನೆಯ ಭಾಗವು ಕನ್ನಡದಲ್ಲಿಯೂ ತೆರೆಗೆ ಬಂದಿತು.

ಬಾಗಿಲು ತೆರೆದುದಾಯಿತು. ಒಳಗೆ ಬಂದ ಕನ್ನಡವು ಎಂತಹುದು? ವಿಮರ್ಶೆಯು ಕೇಳತಕ್ಕ ಪ್ರಶ್ನೆ ಇದು.

ಅರ್ಧ ಶತಮಾನದ ತಡೆಯು ಕಲಾವಿದರನ್ನು ಕಾಪಾಡಿರಬಹುದು. ಆದರೆ ಭಾಷೆಗೆ ಒಂದು ಸಾಧನೆಯನ್ನು ತಪ್ಪಿಸಿತು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪ್ರಕಟವಾದಾಗ ಕನ್ನಡವು ಪರರ ಭಾವವನ್ನು ತನ್ನ ಲಯದಲ್ಲಿ ನುಡಿಯಬಲ್ಲುದೆಂಬುದು ಸಿದ್ಧವಾಯಿತು. ಬಸವಪ್ಪಶಾಸ್ತ್ರಿಗಳು ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿಸಿದುದೂ ಇಂತಹ ಸಾಹಸವೇ. ಚಿತ್ರದ ಸಂಭಾಷಣೆಯನ್ನು ಕನ್ನಡಿಸುವುದು ಇವುಗಳ ಸಾಲಿನ ಕೆಲಸ. ಅದನ್ನು ಕೂಲಿಯ ಕೆಲಸವೆಂದೆಣಿಸುವುದೇ ಮೊದಲ ದೋಷ.

ಈ ಕೆಲಸದ ಕಷ್ಟಗಳು ವಿಶಿಷ್ಟವಾದುವು. ನಟನ ತುಟಿ ಮುಚ್ಚಿದೆಡೆಯಲ್ಲಿ ಪ, ಬ, ಮಗಳಲ್ಲೊಂದು ಬೀಳಬೇಕು. ಇಂಗ್ಲಿಷಿನಲ್ಲಿ ಕ್ರಿಯಾಪದವು ಮೊದಲೇ ಬಂದುಬಿಡುತ್ತದೆ, ಕನ್ನಡದಲ್ಲಿ ವಾಕ್ಯದ ಕೊನೆಗೆ. ಮುಖಭಾವವೂ ಮಾತೂ ಅಗಲದಂತೆ ವಾಕ್ಯವನ್ನು ಮುರಿದು ಕಟ್ಟಬೇಕು. ಇಂಗ್ಲಿಷಿನಲ್ಲಿ ಮಗುವಿಗೂ ಮಂತ್ರಿಗೂ ಸರ್ವನಾಮ ಒಂದೇ. ಕನ್ನಡದಲ್ಲಿ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬುದು ನಿರ್ಣಯವಾಗದೆ ಮಾತು ಮುಂದೆ ಸಾಗದು. ಅಪರಿಚಿತರಿಬ್ಬರು ಯಾವ ದೃಶ್ಯದಲ್ಲಿ ‘ನೀವು’ ಬಿಟ್ಟು ‘ನೀನು’ ಹಿಡಿದರೆಂಬುದು ಮೂಲದಲ್ಲಿಲ್ಲದ, ಕನ್ನಡ ಲೇಖಕನೇ ಕಾಣಬೇಕಾದ ಘಟನೆ. ಇದನ್ನು ಅವಸರದಲ್ಲಿ ಮಾಡಿದರೆ ಕೂಲಿಯವನ ಬಾಯಲ್ಲಿಯೂ ಸಾಹುಕಾರನ ಬಾಯಲ್ಲಿಯೂ ಒಂದೇ ಗ್ರಾಂಥಿಕ ಭಾಷೆ ಹೊರಡುವುದು. ಆ ನೀರಸವಾದ ಕನ್ನಡವನ್ನು ಕೇಳಿದ ಗಡಿಯ ಮನೆಯವರು ಬಹುಕಾಲದಿಂದ ಪಳಗಿದ ತೆಲುಗಿಗೇ ಹಿಂದಿರುಗುವರು. ಅವರನ್ನು ದೂರುವುದು ನ್ಯಾಯವಲ್ಲ.

ಹಾಗಾದರೆ ಮೂಲದ ಧ್ವನಿಯನ್ನೇ ಉಳಿಸಿ ಕೆಳಗೆ ಕನ್ನಡದ ಸಾಲುಗಳನ್ನು ಕೊಡಬಾರದೆ? ಸ್ವೀಡನ್, ನೆದರ್ಲೆಂಡ್ಸ್ ದೇಶಗಳ ರೂಢಿ ಅದು. ಜರ್ಮನಿ, ಇಟಲಿಗಳದು ಡಬ್ಬಿಂಗ್. ಸಹೃದಯನಿಗೆ ಮೂಲದ ಧ್ವನಿಯೇ ಇಷ್ಟ. ಆದರೆ ಕೆಲವು ಸೆಕೆಂಡು ಮಾತ್ರ ನಿಲ್ಲುವ ಎರಡು ಸಾಲುಗಳನ್ನು ಓದಲಾರದ ಅಜ್ಜಿಯೂ ಅಕ್ಷರ ಕಲಿಯುತ್ತಿರುವ ಮೊಮ್ಮಗಳೂ ಅದೇ ಜಗುಲಿಯಲ್ಲಿ ಕುಳಿತಿರುತ್ತಾರೆ. ಗಮಕಿಯು ಕುಮಾರವ್ಯಾಸನನ್ನು ಹಾಡಿದಾಗ ಪಕ್ಕದಲ್ಲಿ ವ್ಯಾಖ್ಯಾನಕಾರನೊಬ್ಬನು ಕುಳಿತು ಅರ್ಥ ಹೇಳುತ್ತಿದ್ದುದು ಇಂತಹವರಿಗಾಗಿಯೇ. ಕಾವ್ಯವನ್ನು ಕಿವಿಯಿಂದ ಪಡೆದ ಜನಕ್ಕೆ ಚಿತ್ರವೂ ಕಿವಿಗೆ ದೊರೆಯಬೇಕು. ಆದುದರಿಂದ ಎರಡು ಮಾರ್ಗಗಳೂ ಬೇಕು.

ಅನುವಾದಿತ ಕಾದಂಬರಿಯನ್ನು ವಿಮರ್ಶಿಸುವ ಪತ್ರಿಕೆಗಳು ಅನುವಾದಿತ ಚಿತ್ರದ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಬರೆದವನ ಹೆಸರು ಹೇಳಿ ಗುಣವಿದ್ದಲ್ಲಿ ಮೆಚ್ಚಬೇಕು, ದೋಷವಿದ್ದಲ್ಲಿ ತಿದ್ದಬೇಕು. ಡಬ್ಬಿಂಗ್ ಬೇಕೆ ಬೇಡವೆ ಎಂಬ ವಾದವು ಮುಗಿಯಿತು. ಒಳ್ಳೆಯ ಕನ್ನಡದಲ್ಲಿ ಬೇಕೆಂಬ ವಾದವು ಇನ್ನು ಮೊದಲಾಗಬೇಕಾಗಿದೆ.