ಶಿಲ್ಪಿಯ ಬೆನ್ನ ಹಿಂದಿನ ಕಮ್ಮಾರ

ಐಹೊಳೆಯ ಮೇಗುಟಿ ಗುಡ್ಡವನ್ನೇರಿದ ನಮ್ಮ ಲೇಖಕರು ಸಾಮಾನ್ಯವಾಗಿ ರವಿಕೀರ್ತಿಯ ಶಾಸನವನ್ನು ಹೊಗಳಿ ಕೆಳಗಿಳಿಯುತ್ತಾರೆ. ಕ್ರಿ.ಶ. 634ರ ಆ ಶಾಸನಕ್ಕೆ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಅದೇ ಗುಡ್ಡದ ಮೇಲೆ, ಬಸದಿಯ ಹಿಂಬದಿಗೆ, ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳಿವೆ. ಉತ್ತರ ಕರ್ನಾಟಕದ ಜನ ಇಂಥವನ್ನು ಮೋರೇರ ಮನೆ ಎನ್ನುತ್ತಾರೆ. ವಿದ್ವಾಂಸರು ಕಬ್ಬಿಣ ಯುಗದ ಗೋರಿಗಳೆನ್ನುತ್ತಾರೆ. ಆ ಯುಗಕ್ಕೆ ಹೆಸರು ಕೊಟ್ಟ ಕಬ್ಬಿಣವನ್ನು ಕಾಸಿ ಬಡಿದವನು ಯಾರು ಎಂದು ನಾವು ಕೇಳುವುದು ಮಾತ್ರ ಅಪರೂಪ.

ಈ ಮಾತನ್ನು ಎರಡು ಗ್ರಂಥಗಳನ್ನು ಮುಂದಿಟ್ಟುಕೊಂಡು ಹೇಳುತ್ತಿದ್ದೇನೆ. ಒಂದು, ಎಂ. ಎಸ್. ನಾಗರಾಜರಾಯರು 1971ರಲ್ಲಿ ಪ್ರಕಟಿಸಿದ ಹಳ್ಳೂರು ಉತ್ಖನನದ ವರದಿ, ಇನ್ನೊಂದು, ಅ. ಸುಂದರ ಅವರು ಉತ್ತರ ಕರ್ನಾಟಕದ ಕಲ್ಗೋರಿಗಳನ್ನು ಕುರಿತು 1975ರಲ್ಲಿ ಹೊರತಂದ ಇಂಗ್ಲಿಷ್ ಗ್ರಂಥ. ಸುಂದರ ಅವರು ಗೋರಿಗಳನ್ನು ರಚನೆಯ ಪ್ರಕಾರ ವಿಂಗಡಿಸಿದರು. ಅವರ ಗಮನ ಕಲ್ಲಿನ ಮೇಲೆ. ವಿಷಯವೇ ಅದಾದ್ದರಿಂದ ದೋಷವೆನ್ನಲಾಗದು. ಕಬ್ಬಿಣದ ಮಾತಿಗೆ ನಾವು ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯಲ್ಲಿರುವ ಹಳ್ಳೂರಿಗೇ ಹೋಗಬೇಕು.

ಅಲ್ಲಿ 1965ರಲ್ಲಿ ಅಗೆದಾಗ ಸಿಕ್ಕಿದ ಕಬ್ಬಿಣದ ಕಾಲ ಕ್ರಿ.ಪೂ. 1000ದ ಸುಮಾರಿನದೆಂದು ರೇಡಿಯೋ ಕಾರ್ಬನ್ ಪರೀಕ್ಷೆ ಹೇಳಿತು. ನಮ್ಮ ಭಾಷಣಕಾರರು ವರದಿಯಿಂದ ಎತ್ತಿಕೊಂಡದ್ದು ಈ ಅಂಕೆಯೊಂದನ್ನೇ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಬೇರೆಯಿದೆ. ಕಬ್ಬಿಣ ಕಾಣಿಸಿಕೊಂಡ ಪದರದಲ್ಲಿ ನವಶಿಲಾಯುಗದ ಬದುಕಿನ ಗುರುತುಗಳೂ ಉಳಿದಿವೆ. ಯುಗವೊಂದು ಬಾಗಿಲು ಮುಚ್ಚಿ ಇನ್ನೊಂದು ಬಾಗಿಲು ತೆರೆದದ್ದಲ್ಲ. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿಯೂ ಹೀಗೆಯೇ. ಕಲ್ಗೊಡಲಿಗಳನ್ನು ಬಳಸುತ್ತಿದ್ದವರ ನಡುವೆ ತಾಮ್ರದ ಕೊಡಲಿ ಸಿಕ್ಕಿತು. ಲೋಹವು ಕಲ್ಲಿನ ಮನೆಗೆ ಮೊದಲು ನೆಂಟನಾಗಿ ಬಂದು, ಆಮೇಲೆ ಯಜಮಾನನಾಯಿತು.

ಈ ಎರಡು ಲೋಹಗಳ ದಾರಿ ಒಂದೇ ಅಲ್ಲ. ತಾಮ್ರವು ಸುಮಾರು 1085 ಡಿಗ್ರಿ ಕಾವಿಗೆ ಕರಗಿ ಅಚ್ಚಿಗೆ ಹರಿಯುತ್ತದೆ. ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಅಂದಿನ ಕುಲುಮೆಗೆ ಅದು ನಿಲುಕದು. ಇದ್ದಲಿನ ಬೆಂಕಿಗೆ ತಿದಿ ಒತ್ತಿ ಅದುರನ್ನು ಬೇಯಿಸಿದರೆ ಸಿಗುವುದು ಕಿಟ್ಟ ಬೆರೆತ, ತೂತುತೂತಾದ ಮುದ್ದೆ. ಅದನ್ನು ಮತ್ತೆ ಮತ್ತೆ ಕಾಸಿ ಬಡಿದು ಕಿಟ್ಟವನ್ನು ಹಿಂಡಿ ತೆಗೆದಾಗಲೇ ಕಬ್ಬಿಣ. ತಾಮ್ರ ಅಚ್ಚಿನ ಕೂಸಾದರೆ ಕಬ್ಬಿಣ ಸುತ್ತಿಗೆಯ ಕೂಸು.

ತಾಮ್ರದ ಲ್ಯಾಟಿನ್ ಹೆಸರು ಸೈಪ್ರಸ್ ದ್ವೀಪದಿಂದ ಬಂತೆಂದು ನಮ್ಮ ಓದಿದವರು ಬಲ್ಲರು. ಕಬ್ಬಿಣವೆಂಬ ನಮ್ಮ ಮಾತು ಹಳಗನ್ನಡದಲ್ಲಿ ಕರ್ಬುನ. ಕರಿಯ ಪೊನ್, ಕರಿಯ ಹೊನ್ನು. ಅದನ್ನು ಮೊದಲು ಕಂಡವರು ಹೊನ್ನೆಂದೇ ಎಣಿಸಿದರು. ಭಾಷೆ ಇಷ್ಟು ಗೌರವದಿಂದ ಇಟ್ಟುಕೊಂಡದ್ದನ್ನು ನಮ್ಮ ಕಲಾವಿಮರ್ಶೆ ಕೈಬಿಟ್ಟಿದೆ.

ಬಾದಾಮಿಯನ್ನೇ ನೋಡಿರಿ. ಮೂರನೆಯ ಗುಹೆಯಲ್ಲಿ ಮಂಗಲೇಶನು ಹಾಕಿಸಿದ, ಕ್ರಿ.ಶ. 578ರ ಶಾಸನವಿದೆ. ರಾಜನನ್ನು ನೆನೆಯುತ್ತೇವೆ, ಶಿಲ್ಪಿಯನ್ನು ನೆನೆಯುತ್ತೇವೆ. ಆದರೆ ಮರಳುಗಲ್ಲಿನ ಗಟ್ಟಿ ಹರಳುಗಳು ಉಳಿಯ ಮೊನೆಯನ್ನು ಬೇಗ ತಿಂದುಬಿಡುತ್ತವೆ. ಮೊಂಡಾದ ಉಳಿಯನ್ನು ಕಾಸಿ, ತಟ್ಟಿ, ಹದವಾಗಿ ನೀರಿಗಿಟ್ಟು ಮರಳಿ ಕೊಡುವವನಿಲ್ಲದಿದ್ದರೆ ವಿಷ್ಣುವಿನ ತುಟಿಯ ಮೇಲೆ ನಗೆ ಮೂಡುತ್ತಿರಲಿಲ್ಲ. ಮೇಗುಟಿಯ ಗೋರಿಗಳ ಕಾಲಕ್ಕೂ ಬಾದಾಮಿಯ ಗುಹೆಗಳ ಕಾಲಕ್ಕೂ ನಡುವಿನ ದಾರಿ ಕುಲುಮೆಯ ಮುಂದೆಯೇ ಹಾದುಹೋಗುತ್ತದೆ.

2025ರ ಜನವರಿಯಲ್ಲಿ ತಮಿಳುನಾಡು ಸರಕಾರವು ಶಿವಗಳೈಯ ಕಬ್ಬಿಣದ ಕಾಲ ಕ್ರಿ.ಪೂ. 3345ರವರೆಗೆ ಹೋಗುತ್ತದೆಂದು ಪ್ರಕಟಿಸಿತು. ಕೂಡಲೇ ನಮ್ಮಲ್ಲಿಯೂ ಯಾರು ಮೊದಲು ಎಂಬ ಪಂದ್ಯದ ಮಾತು ಕೇಳಿಬಂತು. ಪರೀಕ್ಷೆಯ ಅಂಕೆಗಳನ್ನು ತೂಗುವುದು ತಜ್ಞರ ಕೆಲಸ. ಓದುಗನಾಗಿ ನನ್ನ ಆಕ್ಷೇಪಣೆ ಪಂದ್ಯಕ್ಕೆ. ಕಾಲ ಎಷ್ಟೇ ಹಿಂದಕ್ಕೆ ಸರಿಯಲಿ, ಅದುರು ಎಲ್ಲಿಂದ ಬಂತು, ಇದ್ದಲಿಗೆ ಯಾವ ಕಾಡು ಬಿತ್ತು, ತಿದಿ ಒತ್ತಿದವರು ಯಾರು ಎಂಬ ಪ್ರಶ್ನೆಗಳಿಗೆ ವರ್ಷದ ಅಂಕೆ ಉತ್ತರವಾಗಲಾರದು.

ಉತ್ತರ ಹುಡುಕುವವರಿಗೆ ಈ ಸೀಮೆ ಬರಿಗೈಯಲ್ಲಿಲ್ಲ. ಹುನಗುಂದದಿಂದ ಕುಷ್ಟಗಿಯ ಕಡೆಗೆ ಹರಡಿದ ಶಿಲಾಪಟ್ಟಿಯಲ್ಲಿ ಕಬ್ಬಿಣದ ಅದುರಿನ ಪದರಗಳಿವೆ. ಆದರೆ ಹೊತ್ತು ಬಹಳವಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗವನ್ನೇ ನುಂಗಿತು. ಇಳಕಲ್ಲಿನ ಸುತ್ತ ಕೆಂಪು ಕಲ್ಲಿಗಾಗಿ ನೆಲ ಬಗೆಯುತ್ತಿದ್ದಾರೆ. ಇಂಥ ಕಡೆ ಶಾಸನದ ಕಲ್ಲು ಸಿಕ್ಕರೆ ನಾಲ್ಕು ಜನ ಕೂಡುತ್ತಾರೆ. ಕಿಟ್ಟದ ಗುಪ್ಪೆ ಸಿಕ್ಕರೆ ಅದು ರಸ್ತೆಯ ತಗ್ಗಿಗೆ ಹೋಗುತ್ತದೆ. ಮುಂದಿನ ಗ್ರಂಥಕಾರರು ರಾಜರ ವಂಶಾವಳಿಗೆ ಕೊಟ್ಟ ಶ್ರದ್ಧೆಯಲ್ಲಿ ಕಾಲುಪಾಲನ್ನು ಆ ಗುಪ್ಪೆಗಳಿಗೆ ಕೊಟ್ಟರೆ ಸಾಕು. ಕರಿಯ ಹೊನ್ನು ಎಂಬ ಮಾತಿನ ಸಾಲ ಅಷ್ಟಾದರೂ ತೀರೀತು.