ಸ್ವರ್ಗಕ್ಕೆ ಹೊರಟವನಿಗೆ ನಿಘಂಟು ಯಾಕೆ?

ಬಾಸೆಲ್ ಮಿಷನ್ನಿನಿಂದ ಬಂದು ಕನ್ನಡ ನಿಘಂಟು ಕಟ್ಟಿದ ಫರ್ಡಿನಾಂಡ್ ಕಿಟ್ಟೆಲ್ ಬಗ್ಗೆ ನಮ್ಮಲ್ಲೊಂದು ತೀರ್ಪು ಗಟ್ಟಿಯಾಗಿ ಕೂತಿದೆ. ಬಂದದ್ದು ಮತ ಹರಡಲು, ಮಾಡಿ ಹೋದದ್ದು ಕನ್ನಡದ ಕೆಲಸ. ಮೊದಲನೆಯದನ್ನು ಮರೆತು ಎರಡನೆಯದಕ್ಕೆ ಕೈ ಮುಗಿಯೋಣ ಎಂಬ ತೀರ್ಪು. ವೇದಿಕೆಗಳಲ್ಲಿ ಇದನ್ನು ಕಂಠ ತುಂಬಿ ಹೇಳುತ್ತಾರೆ. ಇನ್ನೂ ಚುರುಕಾದವರು, ನಿಘಂಟೂ ಮತಾಂತರದ ಗಾಳವೇ ಎಂದು ಅದನ್ನೇ ತಿರುವಿ ಹಾಕುತ್ತಾರೆ. ಹೊಗಳುವವರಿಗೂ ತೆಗಳುವವರಿಗೂ ಒಂದು ವಿಷಯದಲ್ಲಿ ರಾಜಿಯಿದೆ: ಸ್ವರ್ಗವನ್ನು ನಂಬಿದ ಕ್ರೈಸ್ತನಿಗೆ ಈ ಲೋಕ ಬರೀ ಛತ್ರ. ಛತ್ರದ ಗೋಡೆಗೆ ಅವನು ಸುಣ್ಣ ಬಳಿದನೆಂದರೆ ಅದು ಅವನ ನಂಬಿಕೆಗೆ ಮೀರಿದ ಒಳ್ಳೆಯತನವಾಗಿರಬೇಕು, ಇಲ್ಲವೇ ಒಳಗೊಂದು ಲೆಕ್ಕಾಚಾರ ಇರಬೇಕು.

ನನಗೆ ಸಿಟ್ಟು ಬರುವುದು ಈ ರಾಜಿಯ ಮೇಲೆ. ಬಾಸೆಲ್ ಪರಂಪರೆಯ ಸಭೆಯಲ್ಲಿ ಬೆಳೆದವನು ನಾನು. ನಿಷ್ಪಕ್ಷಪಾತವನ್ನು ನನ್ನಲ್ಲಿ ಹುಡುಕಬೇಡಿ.

ತಪ್ಪು ವಿಮರ್ಶಕರದ್ದು ಮಾತ್ರ ಅಲ್ಲ ನಿಜ. ಈ ಚಿತ್ರವನ್ನು ಅವರ ಕೈಗೆ ಕೊಟ್ಟವರು ಕ್ರೈಸ್ತರೇ. 1678ರಲ್ಲಿ ಬಂದ ಜಾನ್ ಬನಿಯನ್ನನ ಯಾತ್ರಿಕನನ್ನು ನೆನೆಸಿಕೊಳ್ಳಿ. ಬಾಸೆಲಿನವರೇ ಅವನನ್ನು ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಕರೆತಂದರು. ಹೆಂಡತಿ ಮಕ್ಕಳು ಹಿಂದಿನಿಂದ ಕೂಗುತ್ತಿದ್ದರೆ ಕಿವಿಗೆ ಬೆರಳಿಟ್ಟುಕೊಂಡು, ನಿತ್ಯಜೀವ ಎಂದು ಅರಚುತ್ತ ಓಡುವ ಗಂಡಸು ಅವನು. ಎಷ್ಟು ತಲೆಮಾರುಗಳ ಸಂಡೇ ಸ್ಕೂಲಿನಲ್ಲಿ ಇವನು ಆದರ್ಶ! ನನಗೆ ಇವನು ಎಂದೂ ಹಿಡಿಸಿಲ್ಲ. ಇವನನ್ನು ಸೃಷ್ಟಿಸಿದ ಬನಿಯನ್ ಹಾಗೆ ಓಡಿದವನಲ್ಲ. ಬೆಡ್‌ಫರ್ಡ್ ಜೈಲಿನಲ್ಲಿ ಹನ್ನೆರಡು ವರ್ಷ ಕೂತು, ಬೂಟಿನ ಲೇಸು ಕಟ್ಟಿ ಸಂಸಾರ ಸಾಕಿದವನು. ಕುರುಡಿಯಾಗಿದ್ದ ಮಗಳ ಚಿಂತೆಯಲ್ಲಿ ಬೆಂದವನು. ಆ ಲೇಸಿನ ಕೆಲಸವನ್ನು ಬಿಟ್ಟು ಓಟವನ್ನು ಮಾತ್ರ ನಾವು ಭಕ್ತಿಯಾಗಿ ಇಟ್ಟುಕೊಂಡೆವು.

ಬೈಬಲ್ಲಿನಲ್ಲಿ ಇರುವುದೇ ಬೇರೆ. ಅದರ ಕೊನೆಯ ಪುಸ್ತಕವಾದ ಪ್ರಕಟನೆಯ ಅಂತ್ಯದಲ್ಲಿ ಜನ ಮೇಲಕ್ಕೆ ಹಾರಿ ಹೋಗುವುದಿಲ್ಲ, ದೇವರ ಪಟ್ಟಣವೇ ಕೆಳಗಿಳಿದು ಬರುತ್ತದೆ. ಭೂರಾಜರು ತಮ್ಮ ವೈಭವವನ್ನು ಅದರೊಳಗೆ ತರುತ್ತಾರೆ. ಎದ್ದು ಬಂದ ಯೇಸು ಶಿಷ್ಯರ ಎದುರು ಸುಟ್ಟ ಮೀನು ತಿನ್ನುತ್ತಾನೆ, ಮೈಮೇಲಿನ ಗಾಯ ತೋರಿಸುತ್ತಾನೆ. ವಿಶ್ವಾಸಪ್ರಮಾಣದಲ್ಲಿ ಸಭೆ ಪ್ರತಿ ಭಾನುವಾರ ಹೇಳುವುದು ದೇಹದ ಪುನರುತ್ಥಾನವನ್ನು. ಆತ್ಮ ಪಂಜರ ಬಿಟ್ಟು ಹಾರಿಹೋಗುವ ಮಾತು ಅದರಲ್ಲಿ ಇಲ್ಲವೇ ಇಲ್ಲ. ಪೌಲನಂತೂ ಕೊರಿಂಥದವರಿಗೆ ಪುನರುತ್ಥಾನದ ಬಗ್ಗೆ ಉದ್ದಕ್ಕೆ ಬರೆದು ಕೊನೆಗೆ ನಿಲ್ಲುವುದು ಮೋಡದ ಮೇಲಲ್ಲ. ನಿಮ್ಮ ದುಡಿಮೆ ವ್ಯರ್ಥವಲ್ಲ ಎಂಬಲ್ಲಿ. ಸತ್ತ ದೇಹವನ್ನೇ ಬಿಟ್ಟುಕೊಡದ ದೇವರು ಆ ದೇಹ ಮಾಡಿದ ಕೆಲಸವನ್ನು ಬಿಟ್ಟಾನೆಯೇ?

ದೇಹವನ್ನು ಬಿಡದ ಈ ನಂಬಿಕೆ ಕಿಟ್ಟೆಲ್ ಬಂದ ಕಡೆಯಲ್ಲೂ ಇತ್ತು. ಅವನನ್ನು ಕಳಿಸಿದ ಬಾಸೆಲ್ ಮಿಷನ್ 1815ರಲ್ಲಿ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಾದರೂ ಅದಕ್ಕೆ ಆಳುಗಳನ್ನೂ ಉಸಿರನ್ನೂ ಕೊಟ್ಟದ್ದು ಪಕ್ಕದ ವ್ಯುರ್ಟೆಂಬರ್ಗಿನ ಪಯಟಿಸ್ಟ್ ಭಕ್ತರು. ಪಯಟಿಸ್ಟ್ ಅಂದರೆ ಲೋಕಕ್ಕೆ ಬೆನ್ನು ಹಾಕಿ ಕಣ್ಣೀರಿಡುವವರು ಎಂದು ನಮ್ಮ ಪ್ರಬಂಧಗಳಲ್ಲಿ ಬರೆಯುವವರು ಓಟಿಂಗರನ ಹೆಸರು ಕೇಳಿದಂತಿಲ್ಲ. 1702ರಿಂದ 1782ರವರೆಗೆ ಬದುಕಿದ್ದ ಈ ಪಾದ್ರಿಯ ಪ್ರಕಾರ ದೇವರ ಕೆಲಸವೆಲ್ಲ ಹೋಗಿ ಮುಟ್ಟುವುದು ದೇಹದಲ್ಲಿ. ಅದೇ ಮಣ್ಣಿನಲ್ಲಿ ಮುಂದೆ ಬ್ಲುಮ್‌ಹಾರ್ಟ್ ತಂದೆ ಮಕ್ಕಳು ಬಂದರು. ಅಪ್ಪ ಬಾಸೆಲ್ ಮಿಷನ್ನಿನಲ್ಲೇ ಪಾಠ ಹೇಳಿದವನು. ಮಗ ಕ್ರಿಸ್ಟಾಫ್, ದೇವರ ರಾಜ್ಯ ಬರುತ್ತದೆ ಎಂದು ನಂಬಿದ್ದಕ್ಕೇ 1899ರಲ್ಲಿ ಕಾರ್ಮಿಕರ ಪಕ್ಷವಾದ ಸೋಶಿಯಲ್ ಡೆಮಾಕ್ರಟ್ ಸೇರಿದ. ಚರ್ಚು ಅವನಿಂದ ಪಾದ್ರಿ ಪದವಿ ಬಿಡಿಸಿತು, ಅದು ಬೇರೆ ಮಾತು.

ಕಿಟ್ಟೆಲ್ ಈ ಗಾಳಿಯಲ್ಲಿ ತರಬೇತಾದವನು. ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಕಡಲಂಚಿನ ಪಾದ್ರಿಯ ಮನೆಯಲ್ಲಿ. ಈ ನಾಡಿಗೆ ಬಂದದ್ದು 1853ರಲ್ಲಿ. ಗಾಳದ ವಾದ ಮಾಡುವವರಿಗೆ ನನ್ನದೊಂದು ಪ್ರಶ್ನೆ. ಬೀದಿಯಲ್ಲಿ ನಿಂತು ಸುವಾರ್ತೆ ಸಾರಲು ರೀವ್ ಸಾಹೇಬನ 1832ರ ನಿಘಂಟು ಸಾಕಾಗಿತ್ತು. ಬೈಬಲ್ಲೂ ಅಷ್ಟರೊಳಗೆ ಕನ್ನಡಕ್ಕೆ ಬಂದಿತ್ತು. ಹಾಗಿರುವಾಗ ಸಂತೆಯಲ್ಲಿ ಯಾರೂ ಆಡದ ಹಳಗನ್ನಡದ ಧಾತುಗಳನ್ನು, ಕಾವ್ಯದ ಪ್ರಯೋಗ ಹಿಡಿದು, ತಮಿಳು ತೆಲುಗು ಮಲಯಾಳ ತುಳುವಿನ ನಂಟು ತೋರಿಸಿ ಬಿಡಿಸಿಟ್ಟರೆ ಯಾವ ಆತ್ಮ ಬಲೆಗೆ ಬೀಳುತ್ತದೆ? ಜೈನ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಅಚ್ಚಿಗೆ ಕೊಟ್ಟದ್ದರಿಂದ ಯಾರಿಗೆ ದೀಕ್ಷಾಸ್ನಾನವಾಯಿತು? ಈ ಲೆಕ್ಕ ಮಿಷನ್ನಿನ ಒಳಗೂ ಕೂಡಿಬರಲಿಲ್ಲ. ಸಾರುವ ಕೆಲಸ ಬಿಟ್ಟು ಪುಸ್ತಕ ಹಿಡಿದು ಕೂತವನೆಂದು ಜೊತೆಯವರೇ ಗೊಣಗಿದರು. ಅವರೂ ನಮ್ಮ ವಿಮರ್ಶಕರ ಸಾಲಿನವರೇ: ಪರದ ಕೆಲಸ ಒಂದು, ಇಹದ ಕೆಲಸ ಇನ್ನೊಂದು.

ಕಿಟ್ಟೆಲ್ ನಿಘಂಟು ಸುಮಾರು ಇಪ್ಪತ್ತು ವರ್ಷದ ದುಡಿಮೆ. 1894ರಲ್ಲಿ ಮಂಗಳೂರಿನ ಮಿಷನ್ ಪ್ರೆಸ್ಸಿನಿಂದ ಹೊರಬಂದಾಗ ಸುಮಾರು 70,000 ಶಬ್ದಗಳು. ಯಾವ ಪುಟ ತೆರೆದರೂ ಗಾದೆ, ಗಿಡಮೂಲಿಕೆ, ಬೈಗುಳ, ಹೊಲದ ಮಾತು, ಅಡುಗೆಮನೆಯ ಮಾತು. ದೊಡ್ಡ ಪದ, ಚಿಲ್ಲರೆ ಪದ ಎಂಬ ಭೇದವಿಲ್ಲ. ಲೋಕವನ್ನು ಛತ್ರವೆಂದುಕೊಂಡವನು ಅದರ ಒಂದೊಂದು ಗಿಡಕ್ಕೂ ಲ್ಯಾಟಿನ್ ಹೆಸರು ಹುಡುಕಿ ಕೂರುವುದಿಲ್ಲ. ಆದಿಕಾಂಡದಲ್ಲಿ ಆದಾಮನಿಗೆ ಸಿಕ್ಕ ಮೊದಲ ಕೆಲಸಗಳಲ್ಲಿ ಒಂದು ಪ್ರಾಣಿಗಳಿಗೆ ಹೆಸರಿಡುವುದು. ಆಗಿನ್ನೂ ಪಾಪವಿಲ್ಲ, ರಕ್ಷಣೆಯ ಅಗತ್ಯವಿಲ್ಲ, ಸ್ವರ್ಗಕ್ಕೆ ಹೋಗುವ ಮಾತೂ ಇಲ್ಲ. ಕಿಟ್ಟೆಲ್ ಮಾಡಿದ್ದು ಆ ಹಳೆಯ ಕೆಲಸ. ಜನಾಂಗಗಳ ವೈಭವ ಆ ಪಟ್ಟಣದೊಳಗೆ ಹೋಗುವುದು ನಿಜವಾದರೆ ಕನ್ನಡವೂ ಹೋಗಬೇಕಲ್ಲ? ಅವನು ಹಾಗೆ ಎಲ್ಲೋ ಬರೆದಿದ್ದಾನೆ ಎನ್ನುತ್ತಿಲ್ಲ. ಆ ನಿಘಂಟನ್ನು ನಾನು ಓದುವುದು ಹಾಗೆ.

ಅವನನ್ನು ಗುಟ್ಟಾಗಿ ನಾಸ್ತಿಕನನ್ನಾಗಿಸುವ, ಮತ ಮರೆತ ಉದಾರಿಯಾಗಿಸುವ ಪ್ರಯತ್ನವೂ ಬೇಡ. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತೆಯನ್ನು ಇಲ್ಲಿಯ ಛಂದಸ್ಸಿನಲ್ಲಿ ಹಾಡಲು ಹೊರಟವನು ಅವನು. ಕಾವ್ಯವಾಗಿ ಅದು ಏಳುವುದಿಲ್ಲ; ಭಕ್ತಿಯಿದೆ, ಕಿವಿಯಿದೆ, ಕಿಡಿ ಇಲ್ಲ. ಆದರೆ ಯೇಸು ಕನ್ನಡದ ಮಾತ್ರೆ ಗಣಗಳೊಳಗೆ ಇಳಿಯಬೇಕೆಂಬ ಹಟಕ್ಕೂ, ದೇವರ ವಾಕ್ಯ ಮೈತಳೆಯಿತೆಂಬ ನಂಬಿಕೆಗೂ ಬೇರೆ ಬೇರೆ ಬೇರುಗಳಿಲ್ಲ.

ನಮ್ಮ ವಿಮರ್ಶೆಗೆ ಇದು ಯಾಕೆ ಕಾಣುವುದಿಲ್ಲ? ಅದಕ್ಕೆ ವೈರಾಗ್ಯದ ರುಚಿ ಹತ್ತಿದೆ. ಎಲ್ಲವನ್ನೂ ಬಿಟ್ಟು ನಡೆದ ಅಕ್ಕನ ಮುಂದೆ, ಗೊಮ್ಮಟನ ಮುಂದೆ ನಾವು ಬೇಗ ಕರಗುತ್ತೇವೆ. ಚೀಟಿ ಜೋಡಿಸಿ, ಪ್ರೂಫ್ ತಿದ್ದಿ, ಕಣ್ಣು ಕಳೆದುಕೊಳ್ಳುವವನನ್ನು ‘ಸೇವೆ’ ಎಂಬ ಮಾತಿನಲ್ಲಿ ಸನ್ಮಾನಿಸಿ ಮನೆಗೆ ಕಳಿಸುತ್ತೇವೆ. ವಚನಕಾರರಲ್ಲಿ ಮಾತ್ರ ಕೈಕೆಲಸವೂ ದೇವರೂ ಒಟ್ಟಿಗೆ ಇರಬಹುದೆಂದು ಒಪ್ಪುತ್ತೇವೆ; ಅದೇ ಒಪ್ಪಿಗೆಯನ್ನು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದ ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟನಿಗೆ ಕೊಡಲು ಕೈ ಬರುವುದಿಲ್ಲ. ಮತ ಬದಲಿಸಿ ಕಸುಬು ಕಳೆದುಕೊಂಡವರಿಗೆ ಅನ್ನ ಬೇಕಿತ್ತು, ಅದಕ್ಕೆ ಹೆಂಚು ಎನ್ನುತ್ತೇವೆ. ಹೌದು, ಅನ್ನಕ್ಕೇ. ಅನ್ನ ದೇವರ ವಿಷಯವಲ್ಲ ಎಂದವರು ಯಾರು?

ನಮ್ಮ ಸಭೆಗಳೇನೂ ಕಡಿಮೆಯಿಲ್ಲ. ಹೆಣದ ಮುಂದೆ ನಿಂತು ಇದು ನಮ್ಮ ಮನೆಯಲ್ಲ ಎಂದು ಹಾಡುವವರು, ಸತ್ತವರು ನಲವತ್ತು ವರ್ಷ ಶಾಲೆಯಲ್ಲಿ ಕಲಿಸಿದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಕನ್ನಡ ವಿಭಾಗದ ಕಿಟ್ಟೆಲ್‌ನಲ್ಲಿ ದೇವರಿಲ್ಲ, ಸಭೆಯ ಕಿಟ್ಟೆಲ್‌ನಲ್ಲಿ ಕೇಶಿರಾಜನಿಲ್ಲ. ನಿಘಂಟಿನ ಮರುಮುದ್ರಣಗಳು ಬರುತ್ತಲೇ ಇವೆ. ಕಥಾಮಾಲೆಯನ್ನು ಎದುರಿಟ್ಟುಕೊಂಡು ಅದರ ಸೋಲನ್ನು ಒಬ್ಬ ಕವಿಯ ಸೋಲಾಗಿ ಚರ್ಚಿಸುವಷ್ಟು ಮರ್ಯಾದೆಯನ್ನು ಎರಡೂ ಕಡೆಯವರು ಇನ್ನೂ ಅವನಿಗೆ ಕೊಟ್ಟಿಲ್ಲ.