ಕಿವಿಮಾತಿನಿಂದ ಸಂವಾದಕ್ಕೆ: ದಾಂಪತ್ಯದ ಕಾಮವನ್ನು ಕುರಿತ ಬರವಣಿಗೆ ಯಾರೊಡನೆ ಮಾತನಾಡುತ್ತದೆ?

ಮೈಸೂರಿನ ಹೆಬ್ಬಾಳದ ಕಡೆಯ ಯುವಜನರಿಗಾಗಿ ಏರ್ಪಟ್ಟಿದ್ದ ವಿವಾಹಪೂರ್ವ ಸಿದ್ಧತಾ ಶಿಬಿರವೊಂದರಲ್ಲಿ ಕೆಲವು ಕಾಲದ ಹಿಂದೆ ನಾವು ಪಾಠ ಹೇಳಬೇಕಾಗಿ ಬಂದಿತ್ತು. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ ಮಾಡುವವರು, ಇನ್ಫೋಸಿಸ್ ಆವರಣದ ಸುತ್ತಮುತ್ತ ಉದ್ಯೋಗದಲ್ಲಿರುವವರು, ಶುಶ್ರೂಷಕಿಯರು, ಇಬ್ಬರು ಶಿಕ್ಷಕರು ಬಂದಿದ್ದರು. ಬೆಳಿಗ್ಗೆ ಎಲ್ಲರೂ ಒಂದೇ ಸಭಾಂಗಣದಲ್ಲಿ ಕುಳಿತು ವಿವಾಹ ಸಂಸ್ಕಾರದ ದೈವಶಾಸ್ತ್ರವನ್ನು ಕೇಳಿದರು. ಮಧ್ಯಾಹ್ನ, ವಾಡಿಕೆಯಂತೆ, ವಧುಗಳನ್ನು ಒಂದು ಕೋಣೆಗೂ ವರರನ್ನು ಇನ್ನೊಂದು ಕೋಣೆಗೂ ಕಳುಹಿಸಲಾಯಿತು. ಸಂಜೆ ಹೊರಡುವ ಹೊತ್ತಿಗೆ ತರುಣಿಯೊಬ್ಬಳು, ತಾನು ಮದುವೆಯಾಗಲಿದ್ದವನ ಪಕ್ಕದಲ್ಲಿ ನಿಂತುಕೊಂಡೇ, ಕೇಳಿದಳು: “ನಾವಿಬ್ಬರೂ ಒಟ್ಟಿಗೆ ಕೂತು ಓದಬಹುದಾದ ಒಂದು ಕನ್ನಡ ಪುಸ್ತಕ ಹೇಳಿ, ಫಾದರ್.” ನಮಗೆ ಆ ಕ್ಷಣ ಒಂದೂ ಹೊಳೆಯಲಿಲ್ಲ.

ಕನ್ನಡದಲ್ಲಿ ಅಂಥ ಪುಸ್ತಕಗಳೇ ಇಲ್ಲವೆಂದಲ್ಲ. ಇರುವವು ಗಂಡಸಿನೊಡನೆ ಮಾತನಾಡುತ್ತವೆ, ಇಲ್ಲವೇ ಹೆಂಗಸಿನೊಡನೆ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮಾತನಾಡುವ ಪುಸ್ತಕವೇ ವಿರಳ. ಇದು ಮಾರುಕಟ್ಟೆಯ ಪ್ರಶ್ನೆಯಲ್ಲ, ಲೇಖಕನ ಧೈರ್ಯದ ಪ್ರಶ್ನೆಯೂ ಪೂರ್ತಿಯಾಗಿ ಅಲ್ಲ. ಇದು ಸಂಬೋಧನೆಯ ಪ್ರಶ್ನೆ ಎಂಬುದು ನಮ್ಮ ಅಭಿಪ್ರಾಯ. ಕಾಮವನ್ನು ಕುರಿತು ಬರೆಯುವವನು ಯಾರನ್ನು ‘ನೀನು’ ಎನ್ನುತ್ತಾನೆ, ಯಾರನ್ನು ‘ಅವಳು’ ಎನ್ನುತ್ತಾನೆ ಎಂಬುದರಲ್ಲೇ ಅವನ ನೀತಿಶಾಸ್ತ್ರದ ಬಹುಪಾಲು ತೀರ್ಮಾನವಾಗಿಬಿಡುತ್ತದೆ.

ನಮ್ಮ ನಾಡಿನ ಪರಂಪರೆಯನ್ನು ನೋಡಿದರೆ ಆರಂಭ ಹೀಗಿರಲಿಲ್ಲ. ವಾತ್ಸ್ಯಾಯನನ ಕಾಮಸೂತ್ರವನ್ನು ಓದದೆಯೇ ತಿರಸ್ಕರಿಸುವುದು ಗುರುಮಠಗಳಲ್ಲಿ ರೂಢಿ. ಓದಿದವರಿಗೆ ಎರಡು ಸಂಗತಿಗಳು ಅಚ್ಚರಿ ತರುತ್ತವೆ. ಮೊದಲನೆಯದು, ಈ ಶಾಸ್ತ್ರವನ್ನು ಹೆಂಗಸರೂ ಕಲಿಯಬೇಕೆಂದು ಅವನು ಆಕ್ಷೇಪಣೆಗಳಿಗೆ ಉತ್ತರ ಕೊಟ್ಟು ವಾದಿಸುತ್ತಾನೆ. ಎರಡನೆಯದು, ಗ್ರಂಥವನ್ನು ತಾನು ಬ್ರಹ್ಮಚರ್ಯದಲ್ಲಿಯೂ ಸಮಾಧಿಯಲ್ಲಿಯೂ ಇದ್ದು ರಚಿಸಿದೆನೆಂದು ಕೊನೆಯಲ್ಲಿ ಹೇಳಿಕೊಳ್ಳುತ್ತಾನೆ. ಬ್ರಹ್ಮಚಾರಿಗಳು ದಾಂಪತ್ಯದ ಬಗ್ಗೆ ಉಪದೇಶ ಮಾಡುವುದನ್ನು ಕಂಡು ನಗುವವರಿಗೆ ಉತ್ತರವಾಗಿ ನಾವು ಇದನ್ನು ಉದಾಹರಿಸುವುದುಂಟು; ಅದರಿಂದ ನಗು ನಿಲ್ಲುವುದಿಲ್ಲ ಎಂಬುದು ಬೇರೆ ಮಾತು. ಕಾಮಸೂತ್ರದ ಜಾಡಿನಲ್ಲಿ ಚಂದ್ರರಾಜನು ಹನ್ನೊಂದನೆಯ ಶತಮಾನದಲ್ಲಿ ರಚಿಸಿದ ‘ಮದನತಿಲಕ’ವು ಕನ್ನಡದ ಮೊದಲ ಕಾಮಶಾಸ್ತ್ರ ಗ್ರಂಥವೆಂದು ಪರಿಗಣಿತವಾಗಿದೆ. ಚಂಪೂ ರೂಪದ ಆ ಕೃತಿ ಆಶ್ರಯದಾತನಿಗೂ ಅವನ ಹೆಂಡತಿಗೂ ನಡೆಯುವ ಸಂಭಾಷಣೆಯಾಗಿದೆ. ಹೀಗಾಗಿ ಈ ವಿಷಯದ ಮೇಲೆ ಕನ್ನಡ ಮೊದಲು ಬಾಯಿ ತೆರೆದಾಗ ಅಲ್ಲಿ ಗಂಡಹೆಂಡಿರಿಬ್ಬರೂ ಇದ್ದರು. ಆದರೆ ಅದೇ ಶಾಸ್ತ್ರಪರಂಪರೆಯಲ್ಲಿ ಪದ್ಮಿನಿ, ಚಿತ್ತಿನಿ, ಶಂಖಿನಿ, ಹಸ್ತಿನಿ ಎಂಬ ವಿಂಗಡಣೆ ಬಲಿತಂತೆ ಹೆಣ್ಣು ಮಾತಿನ ಪಾಲುಗಾರಳಾಗಿ ಉಳಿಯದೆ ಪರೀಕ್ಷೆಯ ವಸ್ತುವಾದಳು. ವರ್ಗೀಕರಣಕ್ಕೆ ಒಳಗಾದವರಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಆಧುನಿಕ ಕನ್ನಡದಲ್ಲಿ ಈ ಮೌನವನ್ನು ಮುರಿದವರಲ್ಲಿ ಡಾ. ಅನುಪಮಾ ನಿರಂಜನ (1934–1991) ಮುಖ್ಯರು. ತೀರ್ಥಹಳ್ಳಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ವೈದ್ಯಕೀಯ ಓದಿ, ಕಾದಂಬರಿಗಾರ್ತಿಯೂ ಆಗಿದ್ದ ಅವರು ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’, ‘ತಾಯಿ–ಮಗು’ ಎಂಬ ಪುಸ್ತಕಗಳ ಮೂಲಕ ಎರಡು ಮೂರು ತಲೆಮಾರಿನ ಹೆಣ್ಣುಮಕ್ಕಳಿಗೆ ತಮ್ಮ ದೇಹದ ಪರಿಚಯ ಮಾಡಿಕೊಟ್ಟರು. ಈ ಉಪಕಾರವನ್ನು ಕಡಿಮೆ ಮಾಡಿ ಹೇಳುವುದು ಕೃತಘ್ನತೆಯಾದೀತು. ನಮ್ಮ ಎಷ್ಟೋ ಕ್ರೈಸ್ತ ಮನೆಗಳಲ್ಲಿಯೂ ಧರ್ಮಸಭೆ ಹೇಳದೆ ಬಿಟ್ಟದ್ದನ್ನು ಹೇಳಿದ್ದು, ಕಪಾಟಿನಲ್ಲಿ ಸೀರೆಗಳ ಕೆಳಗೆ ಅಡಗಿರುತ್ತಿದ್ದ ಇಂಥ ಪುಸ್ತಕಗಳೇ.

ಆದರೂ ಶೀರ್ಷಿಕೆಯ ಮೇಲೆ ಸ್ವಲ್ಪ ನಿಲ್ಲಬೇಕು. ಕಿವಿಮಾತು ಎಂದರೆ ಹತ್ತಿರ ಬಂದು ಮೆಲ್ಲನೆ ಹೇಳಿದ್ದು, ಇತರರಿಗೆ ಕೇಳಿಸದಂತೆ ಹೇಳಿದ್ದು. ಆ ‘ಇತರರ’ಲ್ಲಿ ವರನೂ ಒಬ್ಬ. ತಾಯಿಯೋ ಅತ್ತಿಗೆಯೋ ಮಾಡಬೇಕಿದ್ದ ಕೆಲಸವನ್ನು ವೈದ್ಯೆಯೊಬ್ಬರು ಮುದ್ರಣದಲ್ಲಿ ಮಾಡಿದರು. ಆ ಕಾಲಕ್ಕೆ ಅದೇ ಸರಿಯಾದ ದಾರಿಯಾಗಿತ್ತು. ಆದರೆ ‘ವರನಿಗೆ ಕಿವಿಮಾತು’ ಎಂಬ ಮಾತು ನಮ್ಮ ಕಿವಿಗೆ ಇಂದಿಗೂ ವಿಚಿತ್ರವಾಗಿ, ಸ್ವಲ್ಪ ಹಾಸ್ಯವಾಗಿಯೂ ಕೇಳಿಸುತ್ತದೆ. ಏಕೆ? ವರನಿಗೆ ಗೊತ್ತಿರುತ್ತದೆ ಎಂದು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಅವನಿಗೆ ಗೊತ್ತಿರುವುದು ಹಿಂದೆ ಗೂಡಂಗಡಿಯಲ್ಲಿ ತೂಗುತ್ತಿದ್ದ ಪತ್ರಿಕೆಗಳಿಂದ, ಇಂದು ಅಂಗೈಯಲ್ಲಿರುವ ಪರದೆಯಿಂದ. ಅಲ್ಲಿ ಹೆಣ್ಣು ಮಾತನಾಡುವುದಿಲ್ಲ, ಅಥವಾ ಗಂಡು ಬರೆದುಕೊಟ್ಟ ಮಾತನ್ನೇ ಆಡುತ್ತಾಳೆ. ‘ದಾಂಪತ್ಯ ದೀಪಿಕೆ’ ಎಂಬ ಹೆಸರಾದರೂ ಇಬ್ಬರ ಮನೆಗೆ ಒಂದೇ ದೀಪವನ್ನು ಹಚ್ಚುತ್ತದೆ. ಅಂದ ಮೇಲೆ ಲೇಖಕಿಗೆ ಈ ಕೊರತೆಯ ಅರಿವಿತ್ತೆಂದೇ ನಾವು ತಿಳಿಯುತ್ತೇವೆ. ಆದರೆ ಜನರ ನಾಲಗೆಯ ಮೇಲೆ ಹೆಚ್ಚು ಉಳಿದದ್ದು ಕಿವಿಮಾತೇ.

ಒಂದೇ ಕಿವಿಗೆ ಹೇಳಿದ ಮಾತು ಎಷ್ಟು ಸಾಲದು ಎಂಬುದನ್ನು ಎಚ್‌ಐವಿ ನಮಗೆ ಕಲಿಸಿತು. ಅದೇ ಹೆಬ್ಬಾಳದಲ್ಲಿ, ವರ್ತುಲ ರಸ್ತೆಯ ಬದಿಯಲ್ಲಿ, ಎಚ್‌ಐವಿ ಸೋಂಕಿತರ ಆರೈಕೆಗೆ ಹೆಸರಾದ ಆಶಾಕಿರಣ ಆಸ್ಪತ್ರೆ ಇದೆ. ಆ ವರ್ಷಗಳಲ್ಲಿ ನಾಡಿನ ಉದ್ದಗಲಕ್ಕೂ ಸೋಂಕು ತಗುಲಿಸಿಕೊಂಡ ಹೆಂಗಸರಲ್ಲಿ ಅನೇಕರು ಗಂಡನೊಬ್ಬನನ್ನಲ್ಲದೆ ಬೇರಾರನ್ನೂ ಅರಿಯದವರು. ಶೀಲದ ಬಗ್ಗೆ, ಶುಚಿತ್ವದ ಬಗ್ಗೆ, ಸಹನೆಯ ಬಗ್ಗೆ ಅವರಿಗೆ ಹೇಳಬೇಕಾದುದನ್ನೆಲ್ಲ ಹೇಳಲಾಗಿತ್ತು. ಅವರು ಅದನ್ನು ಪಾಲಿಸಿಯೂ ಇದ್ದರು. ಗಂಡನನ್ನು ಪ್ರಶ್ನಿಸುವ ಮಾತನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಪ್ರಶ್ನೆಯನ್ನು ಕೇಳಿಸಿಕೊಳ್ಳುವುದನ್ನು ಗಂಡನಿಗೂ ಕಲಿಸಿರಲಿಲ್ಲ.

ಇನ್ನು ನಮ್ಮ ಮನೆಯ ಕಡೆ ತಿರುಗೋಣ. 1930 ಒಂದು ಕುತೂಹಲದ ವರ್ಷ. ಆ ವರ್ಷ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲೆಂದು ಹೇಳುತ್ತಾರೆ. ಅದೇ ವರ್ಷ ಆಂಗ್ಲಿಕನ್ ಧರ್ಮಾಧ್ಯಕ್ಷರ ಲ್ಯಾಂಬೆತ್ ಸಮ್ಮೇಳನ ಗರ್ಭನಿರೋಧಕ್ಕೆ ಎಚ್ಚರದ ಷರತ್ತುಗಳೊಂದಿಗೆ ಬಾಗಿಲು ತೆರೆಯಿತು. ಅದೇ ವರ್ಷದ ಕೊನೆಯ ದಿನ ಹನ್ನೊಂದನೆಯ ಪಿಯುಸ್ ‘ಕಾಸ್ತಿ ಕೊನ್ನುಬಿಯಿ’ ಪರಿಪತ್ರದಲ್ಲಿ ಆ ಬಾಗಿಲನ್ನು ಮುಚ್ಚಿದರು. ಸರ್ಕಾರ, ಆಂಗ್ಲಿಕನರು, ರೋಮ್ ಮೂವರೂ ಮಾತನಾಡಿದ್ದು ಮಕ್ಕಳ ಸಂಖ್ಯೆಯ ಸುತ್ತಲೇ. ಮುಂದೆ ಅರ್ಧ ಶತಮಾನ ನಮ್ಮ ವಿವಾಹ ಪಾಠಗಳೂ ಆ ಸುತ್ತಿನಿಂದ ಹೊರಬರಲಿಲ್ಲ. 1968ರ ‘ಹ್ಯುಮಾನೆ ವಿತೆ’ಯ ನಿಷೇಧ ಎಲ್ಲರಿಗೂ ಗೊತ್ತು. ಆದರೆ ಸಂಗಾತಿಯ ಸ್ಥಿತಿಯನ್ನೂ ನ್ಯಾಯವಾದ ಇಚ್ಛೆಯನ್ನೂ ಗಮನಿಸದೆ ಹೇರಿದ ದಾಂಪತ್ಯ ಕ್ರಿಯೆ ನಿಜವಾದ ಪ್ರೀತಿಯ ಕ್ರಿಯೆಯಲ್ಲವೆಂದು ಅದೇ ಪತ್ರದ ಹದಿಮೂರನೆಯ ಪರಿಚ್ಛೇದ ಹೇಳುತ್ತದೆ. ಇದನ್ನು ಯಾವ ಪ್ರವಚನದಲ್ಲಿಯೂ ನಾವು ಕೇಳಿದ ನೆನಪಿಲ್ಲ, ನಾವೂ ಹೇಳಲಿಲ್ಲ.

ಕಥೋಲಿಕ ಪರಂಪರೆಯಲ್ಲಿ ಈ ವಿಷಯವನ್ನು ಕುರಿತು ನೇರವಾಗಿ ಬರೆದ ಪುಸ್ತಕ ಕರೋಲ್ ವೊಯ್ತಿವಾ ಅವರ ‘ಪ್ರೀತಿ ಮತ್ತು ಹೊಣೆಗಾರಿಕೆ’. 1960ರಲ್ಲಿ ಪೋಲಿಷ್ ಭಾಷೆಯಲ್ಲಿ ಪ್ರಕಟವಾದ ಇದನ್ನು ಬರೆಯುವಾಗ ಅವರು ಇನ್ನೂ ಎರಡನೆಯ ಜಾನ್ ಪೌಲ್ ಆಗಿರಲಿಲ್ಲ. ತರುಣ ದಂಪತಿಗಳೊಡನೆ ಅಲೆದಾಡುತ್ತಿದ್ದ ಪ್ರಾಧ್ಯಾಪಕರಾಗಿದ್ದರು. ಹೆಣ್ಣಿನ ಉದ್ವೇಗ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ, ಅದನ್ನು ಗಮನಿಸದ ಗಂಡ ಸ್ವಾರ್ಥಿ, ತೃಪ್ತಿ ಇಬ್ಬರದೂ ಆಗಬೇಕು ಎಂದು ಕೊನೆಯ ಭಾಗದಲ್ಲಿ ಅವರು ಸಂಕೋಚವಿಲ್ಲದೆ ಬರೆಯುತ್ತಾರೆ. ಗುರುವೊಬ್ಬನ ಲೇಖನಿಯಿಂದ ಬಂದದ್ದೆಂದು ಇದನ್ನು ನಂಬದ ವಿದ್ಯಾರ್ಥಿಗಳನ್ನು ನಾವು ಪ್ರತಿವರ್ಷ ಕಾಣುತ್ತೇವೆ. ಈ ಗ್ರಂಥದ ಮೇಲೆ ನಮಗೆ ಗೌರವವಿದೆ, ಒಂದು ದೂರೂ ಇದೆ. ಇಲ್ಲಿಯೂ ಹೆಣ್ಣು ‘ಅವಳು’ ಆಗಿಯೇ ಉಳಿಯುತ್ತಾಳೆ. ಗಂಡು ಅವಳನ್ನು ಅರಿಯಬೇಕು, ಅವಳಿಗಾಗಿ ಕಾಯಬೇಕು, ಅವಳೊಡನೆ ಮೃದುವಾಗಿರಬೇಕು, ಅಷ್ಟೂ ಸರಿ. ಆದರೆ ಅವಳು ಏನು ಹೇಳುತ್ತಾಳೆ? ಅವಳಿಗೆ ಬಯಕೆ ಇದೆಯೆಂದು ಲೇಖಕ ಬಲ್ಲ. ಅದು ಅವಳ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ಪುಟದ ಮೇಲೆ ಇಲ್ಲ. ಉದ್ದೇಶದಲ್ಲಿ ರತಿಶಾಸ್ತ್ರಗಳಿಗೆ ತೀರ ವಿರುದ್ಧವಾದ ಈ ಪುಸ್ತಕ, ಕೂರುವ ವ್ಯವಸ್ಥೆಯಲ್ಲಿ ಮಾತ್ರ ಅವುಗಳ ಹಾಗೆಯೇ ಇದೆ: ಗಂಡಸರು ಗಂಡಸರೊಡನೆ ಹೆಣ್ಣಿನ ಬಗ್ಗೆ ಮಾತನಾಡುತ್ತಾರೆ.

ಕನ್ನಡದಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ. ಮೊದಲು ಪದಗಳೇ ಇಲ್ಲ. ಸಂಭೋಗ, ಮೈಥುನ ಎಂದರೆ ಔಷಧದಂಗಡಿಯ ವಾಸನೆ. ಆಡುಮಾತಿನ ಶಬ್ದಗಳೆಲ್ಲ ಬೈಗುಳವಾಗಿ ಕೆಟ್ಟಿವೆ. ‘ಸೆಕ್ಸ್’ ಎಂದು ತಪ್ಪಿಸಿಕೊಳ್ಳುತ್ತೇವೆ. ಆದರೂ ‘ಕೂಡುವುದು’ ಎಂಬ ಹಳೆಯ ಕ್ರಿಯಾಪದವೊಂದು ನಮ್ಮಲ್ಲಿ ಇನ್ನೂ ಹೊಲಸಾಗದೆ ಉಳಿದಿದೆ. ನದಿಗಳೂ ಕೂಡುತ್ತವೆ, ಜನರೂ ಕೂಡುತ್ತಾರೆ. ಅವನು ಅವಳನ್ನು ಕೂಡಿದನು ಎಂದರೆ ಒಬ್ಬನ ಕ್ರಿಯೆ, ಅವರಿಬ್ಬರು ಕೂಡಿದರು ಎಂದರೆ ಇಬ್ಬರದು. ವಿಭಕ್ತಿ ಬದಲಾದಾಗ ದೈವಶಾಸ್ತ್ರವೂ ಬದಲಾಗುತ್ತದೆ.

ಅದಕ್ಕಿಂತ ತೊಡಕಿನದು ಸರ್ವನಾಮ. ನಮ್ಮ ಬಹುಪಾಲು ಮನೆಗಳಲ್ಲಿ ಗಂಡ ಹೆಂಡತಿಗೆ ‘ನೀನು’ ಎನ್ನುತ್ತಾನೆ, ಹೆಂಡತಿ ಗಂಡನಿಗೆ ‘ನೀವು’ ಎನ್ನುತ್ತಾಳೆ, ಮೂರನೆಯವರೆದುರು ‘ಅವರು’ ಎನ್ನುತ್ತಾಳೆ. ಹೆಸರು ಹಿಡಿದು ಕರೆಯದ ತಲೆಮಾರು ಇನ್ನೂ ಬದುಕಿದೆ. ‘ನೀವು’ ಎನ್ನುತ್ತಲೇ ಬಯಕೆಯನ್ನು ಹೇಳುವುದು ಹೇಗೆ? ಬೇಡವೆನ್ನುವುದು ಹೇಗೆ? ದಂಪತಿಗಳಿಬ್ಬರಿಗೂ ಒಪ್ಪಿಗೆಯಾಗುವ ಪುಸ್ತಕವನ್ನು ಬರೆಯಹೊರಟವರು ಮೊದಲ ಪುಟದಲ್ಲೇ ಇದನ್ನು ಬಗೆಹರಿಸಬೇಕಾಗುತ್ತದೆ. ಗೌರವಕ್ಕಾಗಿ ಇಬ್ಬರಿಗೂ ‘ನೀವು’ ಎಂದರೆ ಅದು ಉಪನ್ಯಾಸವಾಗುತ್ತದೆ. ಆಪ್ತತೆಗಾಗಿ ಇಬ್ಬರಿಗೂ ‘ನೀನು’ ಎಂದರೆ ಹೆಂಡತಿಗೆ ಬಿಡುಗಡೆಯಂತೆಯೂ ಗಂಡನಿಗೆ ಅವಮಾನದಂತೆಯೂ ಕೇಳಿಸೀತು. ಅಷ್ಟು ಅವಮಾನ ಅವನಿಗೆ ಒಳ್ಳೆಯದೇ ಎಂದು ನಮಗೆ ತೋರುತ್ತದೆ.

ಸಂತ ಪೌಲನಂತೂ ಈ ಸಮತೆಗೆ ಹೆದರಲಿಲ್ಲ. ಕೊರಿಂಥಿಯರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲಿ ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರವಿದೆ ಎಂದು ಹೇಳಿ, ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೂ ಅದೇ ಅಧಿಕಾರ ಎನ್ನುತ್ತಾನೆ. ಪ್ರಾರ್ಥನೆಗೆಂದು ಅಗಲಿರುವುದಾದರೂ ಇಬ್ಬರ ಒಪ್ಪಿಗೆಯಿಂದ ಇರಲಿ ಎನ್ನುತ್ತಾನೆ. ಮೊದಲರ್ಧವನ್ನು ಆ ಕಾಲದ ಯಾವ ಗಂಡಸೂ ಒಪ್ಪುತ್ತಿದ್ದ. ಎರಡನೆಯರ್ಧ ಅವನನ್ನು ಬೆಚ್ಚಿಬೀಳಿಸಿರಬೇಕು. ನಮ್ಮ ವಿವಾಹ ಪಾಠಗಳಲ್ಲಿ ಎಫೆಸದವರಿಗೆ ಬರೆದ ಪತ್ರಕ್ಕೆ ಸಿಕ್ಕಷ್ಟು ಜಾಗ ಈ ಸಾಲುಗಳಿಗೆ ಸಿಕ್ಕಿಲ್ಲ.

ಆ ತರುಣಿಯ ಪ್ರಶ್ನೆಗೆ ಉತ್ತರ ನಮ್ಮ ಕೈಯಲ್ಲೇ ಇದ್ದದ್ದು ನಮಗೆ ತಡವಾಗಿ ಹೊಳೆಯಿತು. ಪರಮಗೀತೆಯನ್ನು ನಾವು ಕ್ರಿಸ್ತನಿಗೂ ಧರ್ಮಸಭೆಗೂ ಇರುವ ಪ್ರೀತಿಯ ರೂಪಕವೆಂದೇ ಕಲಿತೆವು. ಸಂತ ಬರ್ನಾರ್ಡರು ಅದರ ಮೇಲೆ 86 ಪ್ರವಚನಗಳನ್ನು ಬರೆದೂ ಮೂರನೆಯ ಅಧ್ಯಾಯದ ಹೊಸ್ತಿಲನ್ನು ದಾಟಲಿಲ್ಲ. ರೂಪಕವನ್ನು ನಾವು ಕೈಬಿಡುತ್ತಿಲ್ಲ. ಆದರೆ ರೂಪಕ ನಿಲ್ಲಬೇಕಾದರೆ ಅದರ ಕೆಳಗಿನ ನೆಲ ನಿಜವಾಗಿರಬೇಕು, ಆ ನೆಲ ಗಂಡುಹೆಣ್ಣಿನ ಪ್ರೀತಿ. ಈ ಗ್ರಂಥದಲ್ಲಿ ಮಾತನ್ನು ಆರಂಭಿಸುವವಳು ಹೆಣ್ಣು, ಮುಗಿಸುವವಳೂ ಹೆಣ್ಣು. ಅವಳು ಅವನ ದೇಹವನ್ನು ವರ್ಣಿಸುತ್ತಾಳೆ, ಅವನು ಅವಳದನ್ನು. ಇಬ್ಬರಲ್ಲಿ ಯಾರೂ ವಸ್ತುವಾಗುವುದಿಲ್ಲ, ಏಕೆಂದರೆ ವರ್ಣನೆಗೊಳಗಾದವರು ಮುಂದೆ ತಾವೇ ಬಾಯಿ ತೆರೆಯುತ್ತಾರೆ. ಫಿಲಿಸ್ ಟ್ರಿಬಲ್ 1978ರ ತಮ್ಮ ಗ್ರಂಥದಲ್ಲಿ ತೋರಿಸಿದ ಒಂದು ಸೂಕ್ಷ್ಮವನ್ನು ಇಲ್ಲಿ ನೆನೆಯಬೇಕು. ‘ತೆಶೂಕಾ’, ಬಯಕೆ, ಎಂಬ ಹೀಬ್ರೂ ಶಬ್ದ ಇಡೀ ಹಳೆಯ ಒಡಂಬಡಿಕೆಯಲ್ಲಿ ಬರುವುದು ಮೂರೇ ಸಲ. ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಹೆಣ್ಣಿನ ಬಯಕೆ ಗಂಡನ ಕಡೆಗೆ, ಅದರ ಬೆನ್ನಿಗೇ ಅವನ ಆಳ್ವಿಕೆ. ಪರಮಗೀತೆಯ ಏಳನೆಯ ಅಧ್ಯಾಯದಲ್ಲಿ ಅವನ ಬಯಕೆ ಅವಳ ಕಡೆಗೆ, ಹಾಗೆಂದು ಹೇಳುವವಳು ಅವಳೇ. ಆಳ್ವಿಕೆಯ ಸುದ್ದಿಯೇ ಇಲ್ಲ. ಏದೆನಿನಲ್ಲಿ ಕೆಟ್ಟದ್ದು ಇಲ್ಲಿ ಬೇರೊಂದು ತೋಟದಲ್ಲಿ ಸರಿಹೋಗುತ್ತದೆ.

ಪ್ರಿಯರನ್ನು ಇಬ್ಬರನ್ನೂ ಹಿಡಿದಿಡುವ ಪುಸ್ತಕದ ಮಾದರಿ ಇದೇ: ಸಲಹೆ ಕಡಿಮೆ, ಸಂವಾದ ಹೆಚ್ಚು. ಅದನ್ನು ಕನ್ನಡದಲ್ಲಿ ಬರೆಯಬೇಕಾದವರು ಒಬ್ಬಂಟಿ ಗುರುಗಳಲ್ಲ, ಒಬ್ಬಂಟಿ ವೈದ್ಯರೂ ಅಲ್ಲ. ಬಹುಶಃ ಒಬ್ಬ ದಂಪತಿ, ಪಕ್ಕದಲ್ಲಿ ವೈದ್ಯೆಯೊಬ್ಬಳು. ಗುರುಗಳು ಕರಡನ್ನು ತಿದ್ದದೆ ಓದಿದರೆ ಸಾಕು.

ಮುಂದಿನ ಶಿಬಿರದಲ್ಲಿ ನಾವು ಎರಡು ಕೋಣೆಗಳನ್ನು ಕೇಳಲಿಲ್ಲ. ಜೋಡಿಗಳಿಗೆ ಪರಮಗೀತೆಯನ್ನು ಕೊಟ್ಟು, ಅವಳ ಮಾತನ್ನು ಅವಳು, ಅವನ ಮಾತನ್ನು ಅವನು ಓದಿಕೊಳ್ಳಲಿ ಎಂದೆವು. ಕೆಲವು ಮುದ್ರಣಗಳಲ್ಲಿ ಯಾರ ಮಾತೆಂದು ಗುರುತು ಹಾಕಿರುತ್ತಾರೆ, ಮೂಲದಲ್ಲಿ ಅಂಥ ಗುರುತಿಲ್ಲ. ಹೀಬ್ರೂವಿನಲ್ಲಿ ‘ನೀನು’ ಎಂಬುದಕ್ಕೆ ಗಂಡಿಗೊಂದು, ಹೆಣ್ಣಿಗೊಂದು ರೂಪವಿರುವುದರಿಂದ ಬಹಳ ಕಡೆ ಕಷ್ಟವಾಗುವುದಿಲ್ಲ. ಕನ್ನಡದ ‘ನೀನು’ವಿಗೆ ಲಿಂಗವಿಲ್ಲ. ಅರ್ಧ ಗಂಟೆ ಕಳೆಯುವುದರೊಳಗೆ ಮೂಲೆಯ ಜೋಡಿಯೊಂದು ನಮ್ಮನ್ನು ಕರೆಯಿತು. ಒಂದು ಸಾಲಿನ ಮೇಲೆ ಬೆರಳಿಟ್ಟು, ಇದು ನನ್ನದು ಎಂದು ಇಬ್ಬರೂ ಹೇಳುತ್ತಿದ್ದರು.